ಮಲಬಾರ್ ಹೋಯಿತು, ಮದ್ರಾಸ್ ಹೋಯಿತು, ಇಂಡಿಯಾವೂ ಹೋಯಿತು!

ಒಂದು ಒಗಟು ಹಾಕುತ್ತೇನೆ. ಬಿಡಿಸುತ್ತೀರಾ?

ವಲಾಂಡಿಯಲ್ಲಿ ಬಾವಿ ತೋಡಿದರೆ ಏನು ಸಿಗುತ್ತದೆ? ಮೊದಲು ಎರೆಮಣ್ಣು. ಆಮೇಲೆ ಮುರುಮು. ಆಮೇಲೆ ಕರಿಕಲ್ಲು. ಅದರ ಕೆಳಗೆ ಮತ್ತೂ ಕರಿಕಲ್ಲು! ಉಮರ್ಗಾದಲ್ಲಿ ತೋಡಿ, ನಿಲಂಗಾದಲ್ಲಿ ತೋಡಿ, ಉದಗೀರದಲ್ಲಿ ತೋಡಿ, ಅದೇ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಹರಿದು, ಗಟ್ಟಿಯಾದ ಲಾವಾ ಅದು. ಅರಬ್ಬೀ ಸಮುದ್ರ ಇಲ್ಲಿಂದ ಹೆಚ್ಚೂಕಡಿಮೆ 400 ಕಿ.ಮೀ. ದೂರ.

ಈಗ ಹೇಳಿ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬೆಳೆಯುವ, ಎರಡು ಚಿಪ್ಪಿನ ನಡುವೆ ಬದುಕುವ ಪ್ರಾಣಿಯೊಂದಕ್ಕೆ ಈ ಬೆಂಕಿಕಲ್ಲಿನ ನಾಡಿನ ಹೆಸರು ಇರಲು ಸಾಧ್ಯವೇ?

ಸಾಧ್ಯ! ಇದೆ! ಯೂನಿಯೊ ಡೆಕ್ಕನೆನ್ಸಿಸ್! ದಖ್ಖನ್ನಿನ ಯೂನಿಯೊ!

ಅದು ಸಿಕ್ಕಿದ್ದೆಲ್ಲಿ ಗೊತ್ತೇ? ಲಾವಾದ ಎರಡು ಪದರಗಳ ನಡುವೆ! ಒಮ್ಮೆ ಲಾವಾ ಹರಿದು ನಿಂತಿತು. ಆರಿತು. ಮಳೆ ಬಿತ್ತು, ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು, ಕೆರೆಯಲ್ಲಿ ಚಿಪ್ಪಿನ ಪ್ರಾಣಿಗಳು ಬೆಳೆದವು. ಆಮೇಲೆ ಮತ್ತೆ ಲಾವಾ ಬಂತು. ಕೆರೆಯನ್ನೇ ಮುಚ್ಚಿತು. ಚಿಪ್ಪುಗಳು ಕಲ್ಲಾಗಿ ಒಳಗೇ ಉಳಿದವು!

ಮದ್ರಾಸ್ ಸೇವೆಯಲ್ಲಿದ್ದ ವೈದ್ಯ ಜಾನ್ ಗ್ರಾಂಟ್ ಮಾಲ್ಕಮ್‌ಸನ್ ಹೈದರಾಬಾದ್‌ನಿಂದ ನಾಗಪುರದ ಕಡೆಗೆ ಹೋಗುವ ದಾರಿಯ ಬೆಟ್ಟಗಳಲ್ಲಿ ಇಂಥ ಕಲ್ಲಾದ ಚಿಪ್ಪುಗಳನ್ನು ಆಯ್ದ. ಲಂಡನ್ನಿಗೆ ಮುಟ್ಟಿಸಿದ. 1840ರಲ್ಲಿ ಜಿಯಾಲಾಜಿಕಲ್ ಸೊಸೈಟಿಯ ಸಂಪುಟದಲ್ಲಿ ಅವುಗಳಿಗೆ ಹೆಸರಿಟ್ಟವನು ಸೋವರ್ಬಿ. ನಮ್ಮ ನೆಲದ ಹೆಸರು ಒಂದು ಚಿಪ್ಪಿನ ಬೆನ್ನೇರಿತು! ಅಂಥ ಕೆರೆಯ ಪದರಗಳು ದೂರದಲ್ಲೇನೂ ಇಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯೂ ಇವೆ.

ಇರಲಿ, ಅದು ಸಿಹಿನೀರಿನ ಪ್ರಾಣಿ. ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಉಪ್ಪುನೀರಿಗೆ ಕರೆದೊಯ್ಯಲು! ಯಾಕೆಂದರೆ ಊರ ಹೆಸರು ಹೊತ್ತ ಇನ್ನೂ ಮೂರು ಚಿಪ್ಪುಗಳು ನಮ್ಮ ಕಡಲಲ್ಲಿ ಇದ್ದವು. ಒಂದಕ್ಕೆ ಮಲಬಾರಿನ ಹೆಸರು. ಒಂದಕ್ಕೆ ಮದ್ರಾಸಿನ ಹೆಸರು. ಇನ್ನೊಂದಕ್ಕೆ ಭಾರತದ್ದೇ ಹೆಸರು!

ಇದ್ದವು ಎಂದೆ. ಗಮನಿಸಿದಿರಾ?

ಮೂರೂ ಹೋದವು! ಮೂರನ್ನೂ ಅಳಿಸಿದ್ದಾರೆ! ಪ್ರಾಣಿಗಳು ಇದ್ದಲ್ಲೇ ಇವೆ, ಚೆನ್ನಾಗಿವೆ. ಹೆಸರು ಮಾತ್ರ ಮಾಯ! ಯಾರು ಅಳಿಸಿದರು? ಯಾಕೆ? ಅಲ್ಲೇ ಇರುವುದು ಮಜಾ.

ಮೊದಲು ಈ ಪ್ರಾಣಿಯ ಪರಿಚಯವಾಗಲಿ. ತುಳಜಾಪುರದ ಅಂಬಾಭವಾನಿಯ ಭಕ್ತರ ಕೊರಳಲ್ಲಿ ಕವಡೆ ಸರ ನೋಡಿದ್ದೀರಲ್ಲ? ಅದೂ ಕಡಲಿನದೇ. ಆದರೆ ಕವಡೆಗೆ ಒಂದೇ ಚಿಪ್ಪು. ನಮ್ಮ ನಾಯಕನಿಗೆ ಎರಡು. ಬೆನ್ನ ಮೇಲೆ ಒಂದು ಕೀಲು. ಬೇಕಾದಾಗ ತೆರೆಯುತ್ತದೆ, ಬೇಡವಾದಾಗ ಮುಚ್ಚಿಕೊಳ್ಳುತ್ತದೆ.

ಅದಕ್ಕೆ ತಲೆ ಎಲ್ಲಿ? ಹುಡುಕಿ!

ತಲೆಯೇ ಇಲ್ಲ! ಬಾಯಿ ಇದೆ, ಹೊಟ್ಟೆ ಇದೆ, ಹೃದಯ ಇದೆ, ನಡೆಯಲು ಒಂದೇ ಒಂದು ಪಾದ ಇದೆ. ತಲೆ ಮಾತ್ರ ಇಲ್ಲ. ಎಷ್ಟೋ ಬಗೆಗಳಲ್ಲಿ ಕಿವಿರುಗಳೇ ನೀರನ್ನು ಸೋಸಿ ಊಟ ಹಿಡಿದು ಕೊಡುತ್ತವೆ!

ಇಂಥ ಪ್ರಾಣಿಯನ್ನು ನೋಡಬೇಕಾದರೆ ಕುಮಟಾ ತಾಲೂಕಿಗೆ ಬನ್ನಿ. ಅಘನಾಶಿನಿ ನದಿ ಕಡಲು ಸೇರುವ ಜಾಗ. ಒಂದು ದಂಡೆಗೆ ತದಡಿ, ಇನ್ನೊಂದು ದಂಡೆಗೆ ಅಘನಾಶಿನಿ ಎಂಬ ಊರೇ ಇದೆ. ಶಿರಸಿ ಕಡೆಯ ಕಾಡಿನಲ್ಲಿ ಹುಟ್ಟಿದ ಈ ನದಿಗೆ ಕಡಲಿನ ತನಕ ಒಂದೂ ದೊಡ್ಡ ಅಣೆಕಟ್ಟು ಇಲ್ಲ!

ಇಳಿತ ಶುರುವಾಯಿತೋ, ನೀರು ಸರಿಯಿತೋ, ಜನ ಅಳಿವೆಗೆ ಇಳಿಯುತ್ತಾರೆ. ಹೆಂಗಸರು, ಗಂಡಸರು. ಕೆಸರಿನಲ್ಲಿ ಕೈ. ಮೇಲೆತ್ತಿದರೆ ಮುಷ್ಟಿ ತುಂಬ ಚಿಪ್ಪು! ಮತ್ತೊಮ್ಮೆ ಕೈ, ಮತ್ತೊಂದು ಮುಷ್ಟಿ! ಈ ಒಂದೇ ಅಳಿವೆಯ ಚಿಪ್ಪುಗಳಿಂದ ಎಷ್ಟು ಜನರ ಹೊಟ್ಟೆಪಾಡು ನಡೆಯುತ್ತದೆ ಅಂದುಕೊಂಡಿರಿ? ನೂರು? ಇನ್ನೂರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿದರು. 2,000ಕ್ಕೂ ಹೆಚ್ಚು!

ಈಗ ಅವರನ್ನೇ ಕೇಳಿ, ಇದರ ಹೆಸರೇನು ಅಂತ.

ಬಳಚು ಅನ್ನುತ್ತಾರೆ. ಚಿಪ್ಪಿಕಲ್ಲು ಅನ್ನುತ್ತಾರೆ. ಕೊಂಕಣಿಯವರು ತಿಸರೆ ಅನ್ನುತ್ತಾರೆ. ತೆಂಕಣಕ್ಕೆ ಇಳಿದು ತುಳುವರನ್ನು ಕೇಳಿದರೆ ಮರುವಾಯಿ! ಒಂದೇ ಕರಾವಳಿ, ಊರೂರಿಗೆ ಹೆಸರು. ಹಾಗಾದರೆ ಕಾರವಾರದ ವಿಜ್ಞಾನಿ ಬರೆದದ್ದು ಜಪಾನಿನ ವಿಜ್ಞಾನಿಗೆ ತಿಳಿಯುವುದು ಹೇಗೆ?

ಅದಕ್ಕೇ ಬಂತು ಎರಡು ಪದದ ಹೆಸರು. ಮೊದಲ ಪದ ಕುಲ. ಎರಡನೆಯದು ಪ್ರಭೇದ. ಸ್ವೀಡನ್ನಿನ ಕಾರ್ಲ್ ಲಿನಿಯಸ್ 1758ರಲ್ಲಿ ತಂದ ಪುಸ್ತಕದಿಂದ ಪ್ರಾಣಿಗಳ ಹೆಸರಿನ ಲೆಕ್ಕ ಶುರು. ಆ ಪುಸ್ತಕದ ಹಿಂದಿನ ಹೆಸರುಗಳಿಗೆ ಬೆಲೆಯೇ ಇಲ್ಲ! ಎರಡು ಚಿಪ್ಪಿನವರ ವರ್ಗಕ್ಕೆ ಬೈವಾಲ್ವಿಯಾ ಎಂಬ ಹೆಸರೂ ಅಲ್ಲಿಯದೇ. ಭಾರತಕ್ಕೆ ಒಮ್ಮೆಯೂ ಬಾರದ ಮನುಷ್ಯ ನಮ್ಮ ಪಚ್ಚಿಲೆಗೆ, ಅಂದರೆ ನೀಲಿಕಲ್ಲಿಗೆ, ಅಲ್ಲೇ ಕೂತು ಹೆಸರಿಟ್ಟ!

ಲಿನಿಯಸ್ ಮಾಡಿದ್ದೆಲ್ಲ ಸರಿಯೇ? ಇಲ್ಲ! ಕೇಳಿ. ಬಂಡೆಗೆ ಅಂಟಿಕೊಳ್ಳುವ ಬಾರ್ನಕಲ್‌ಗಳನ್ನು ಅವನು ಚಿಪ್ಪಿನ ಪ್ರಾಣಿಗಳ ಸಾಲಿಗೆ ಸೇರಿಸಿದ. ಅವು ನಿಜಕ್ಕೂ ಯಾರ ಬಳಗ? ಸಿಗಡಿ, ಏಡಿಗಳ ಬಳಗ! ಅದು ಗೊತ್ತಾಗಲು 1830ರ ತನಕ ಕಾಯಬೇಕಾಯಿತು. ಗೋವಾದ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದ ತೆಳ್ಳನೆಯ, ಬೆಳಕು ತೂರುವ ಚಿಪ್ಪು ಗೊತ್ತಲ್ಲ? ಅದನ್ನು ಅವನು ಇಟ್ಟ ಕುಲದಲ್ಲಿ ಬ್ರಾಕಿಯೊಪಾಡ್ ಎಂಬ ಬೇರೆಯೇ ವಂಶದ ಪ್ರಾಣಿಗಳೂ ಇದ್ದವು! ಹೊರಗಿನಿಂದ ಎರಡು ಚಿಪ್ಪು, ಒಳಗೆ ಸಂಬಂಧವೇ ಇಲ್ಲ.

ಚಿಪ್ಪು ಕಣ್ಣಿಗೆ ಮೋಸ ಮಾಡುತ್ತದೆ! ಎಷ್ಟು ಮೋಸ? ಊಹಿಸಿ. ಒಂದೇ ಒಂದು ಪ್ರಾಣಿಗೆ ವಿಜ್ಞಾನಿಗಳು ಎಷ್ಟು ಬಾರಿ ಹೊಸ ಹೆಸರು ಇಟ್ಟಿರಬಹುದು? ಐದು? ಹತ್ತು? ಧೈರ್ಯ ಮಾಡಿ ಐವತ್ತು ಅನ್ನುತ್ತೀರಾ?

ಯುರೋಪಿನ ನದಿ ಕೆರೆಗಳಲ್ಲಿ ಅನೊಡೊಂಟಾ ಸಿಗ್ನಿಯಾ ಎಂಬ ಎರಡು ಚಿಪ್ಪಿನ ಪ್ರಾಣಿ ಇದೆ. ಅದಕ್ಕೆ ಬಿದ್ದ ಹೆಸರುಗಳು 500ಕ್ಕೂ ಹೆಚ್ಚು!

ಐನೂರು! ಒಂದೇ ಪ್ರಾಣಿಗೆ! ಒಂದು ಕೆರೆಯಲ್ಲಿ ಸ್ವಲ್ಪ ಉದ್ದ ಕಂಡಿತು, ಹೊಸ ಹೆಸರು. ಪಕ್ಕದ ಹೊಳೆಯಲ್ಲಿ ಸ್ವಲ್ಪ ಉಬ್ಬಿತ್ತು, ಇನ್ನೊಂದು ಹೆಸರು. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಒಂದು ಗುಂಪಂತೂ ಇದರಲ್ಲಿ ಕೈಬಿಚ್ಚಿ ಖರ್ಚು ಮಾಡಿತು.

ಕಡಲಿನ ಲೆಕ್ಕ ಇನ್ನೂ ದೊಡ್ಡದು. ಜಗತ್ತಿನ ಕಡಲಜೀವಿಗಳ ಹೆಸರನ್ನೆಲ್ಲ ಒಂದು ಕಡೆ ಕೂಡಿಸುವ ನೋಂದಣಿ ಇದೆ. ವೋರ್ಮ್ಸ್ ಅಂತ. 2015ರಲ್ಲಿ ಅವರು ಲೆಕ್ಕ ಬಿಚ್ಚಿಟ್ಟರು. ಪರಿಶೀಲಿಸಿದ ಪ್ರಭೇದಗಳ ಹೆಸರು 4,18,850. ಅದರಲ್ಲಿ ಎರಡೆರಡು ಬಾರಿ ಇಟ್ಟ ಹೆಸರು ಎಷ್ಟು?

1,90,400! ಹೆಚ್ಚೂಕಡಿಮೆ ಅರ್ಧ!

ಹಾಗಾದರೆ ಹತ್ತು ಹೆಸರಿನಲ್ಲಿ ಯಾವುದನ್ನು ಉಳಿಸಬೇಕು? ಚೆಂದದ್ದನ್ನೇ? ಜನ ಬಳಸುವುದನ್ನೇ? ಸಾಮಾನ್ಯವಾಗಿ ಎರಡೂ ಅಲ್ಲ. ಸಾತ್‌ಬಾರಾ ಉತಾರೆಯಲ್ಲಿ ಹೆಸರು ಏರಿದವನ ಮಾತೇ ನಡೆಯುವ ಹಾಗೆ, ಇಲ್ಲಿ ಮೊದಲು ಕ್ರಮಬದ್ಧವಾಗಿ ಅಚ್ಚಾದ ಹೆಸರೇ ಗೆಲ್ಲುತ್ತದೆ. ಇದು ಹಿರಿತನದ ನಿಯಮ. ಒಂದು ದಿನ ಮೊದಲು ಅಚ್ಚಾದರೂ ಸಾಕು!

ಈಗ ನಿಯಮ ತಿಳಿಯಿತು. ಬನ್ನಿ, ಮಲಬಾರ್ ಹೋದದ್ದು ಹೇಗೆ ನೋಡೋಣ.

ಅಘನಾಶಿನಿಯಲ್ಲಿ ನಿಮ್ಮ ಮುಷ್ಟಿಗೆ ಸಿಕ್ಕ ಬಳಚುಗಳಲ್ಲಿ ಒಂದನ್ನು ನಮ್ಮ ವಿಜ್ಞಾನಿಗಳು ದಶಕಗಟ್ಟಲೆ ಪಾಫಿಯಾ ಮಲಬಾರಿಕಾ ಎಂದು ಕರೆದರು. ಮೂಲ್ಕಿಯ ಅಳಿವೆಯಲ್ಲೂ ಅದೇ ಹೆಸರು. ಕೇರಳದ ಅಷ್ಟಮುಡಿ ಕಾಯಲಿನಲ್ಲೂ ಅದೇ. ಅಷ್ಟಮುಡಿಯ ಈ ಚಿಪ್ಪಿನ ಮೀನುಗಾರಿಕೆ 2014ರಲ್ಲಿ ಅಂತರರಾಷ್ಟ್ರೀಯ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ (ಎಂ.ಎಸ್.ಸಿ.) ಪ್ರಮಾಣಪತ್ರ ಪಡೆಯಿತು. ಭಾರತದಲ್ಲಿ ಮೊಟ್ಟಮೊದಲ ಬಾರಿಗೆ! ಆ ಗೌರವವೂ ಮಲಬಾರಿಕಾ ಹೆಸರಿನಲ್ಲೇ ಬಂತು.

ಹೆಸರಿನ ಮುಂದೆ ಕಂಸದಲ್ಲಿ ಏನೋ ಬರೆದಿರುತ್ತಿತ್ತು: (ಕೆಮ್ನಿಟ್ಸ್, 1782). ಯಾರು ಈ ಕೆಮ್ನಿಟ್ಸ್?

ಒಬ್ಬ ಪಾದ್ರಿ! ಜೊಹಾನ್ ಹಿರೊನಿಮಸ್ ಕೆಮ್ನಿಟ್ಸ್. ಕೋಪನ್‌ಹೇಗನ್ನಿನ ಸೈನಿಕರ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ. ಚಿಪ್ಪಿನ ಹುಚ್ಚು ಹತ್ತಿತ್ತು. ನಮ್ಮ ತರಂಗಂಬಾಡಿ ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು, ಅಲ್ಲಿನ ಮಿಷನರಿಗಳು ಅವನಿಗೆ ಚಿಪ್ಪು ಕಳಿಸುತ್ತಿದ್ದರು. ಮಾರ್ಟಿನಿ ಎಂಬ ವೈದ್ಯ ಶುರು ಮಾಡಿ ಅರ್ಧಕ್ಕೆ ಬಿಟ್ಟು ತೀರಿಹೋದ ಚಿಪ್ಪುಗಳ ಮಹಾಗ್ರಂಥವನ್ನು ಕೆಮ್ನಿಟ್ಸ್ ಕೈಗೆತ್ತಿಕೊಂಡ. ಸಂಪುಟದ ಮೇಲೆ ಸಂಪುಟ! ಒಂದೊಂದು ಚಿತ್ರಕ್ಕೂ ಕೈಯಿಂದ ಬಣ್ಣ! ಅಂಥ ಕೆಲಸ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅವನ ಬಗ್ಗೆ ನನಗೆ ತುಂಬ ಗೌರವ.

ಆದರೆ ಒಂದು ಎಡವಟ್ಟಾಯಿತು. ಎರಡೇ ಪದದಲ್ಲಿ ಹೆಸರಿಡುವ ನಿಯಮವನ್ನು ಅವನು ಒಂದೇ ಸಮನೆ ಪಾಲಿಸಲಿಲ್ಲ. ಒಮ್ಮೆ ಎರಡು ಪದ, ಒಮ್ಮೆ ಉದ್ದುದ್ದ ವಾಕ್ಯ.

ಮುಂದೇನಾಯಿತು? 1944. ಪ್ರಾಣಿಗಳ ಹೆಸರಿನ ವ್ಯಾಜ್ಯ ತೀರಿಸುವ ಅಂತರರಾಷ್ಟ್ರೀಯ ಆಯೋಗ ತೀರ್ಪು ಕೊಟ್ಟಿತು. ಒಂದರಿಂದ ಹನ್ನೊಂದರವರೆಗಿನ ಸಂಪುಟಗಳ ಹೆಸರುಗಳು ಊರ್ಜಿತವಲ್ಲ! ಅಷ್ಟೂ ಸಂಪುಟ! ಒಂದೇ ಏಟಿಗೆ!

ಅಂದರೆ 1782 ಹೋಯಿತು. ಮಲಬಾರಿಕಾ ಹೆಸರಿಗೆ ನಿಯಮಬದ್ಧ ಹುಟ್ಟು ಸಿಕ್ಕಿದ್ದು ಆಮೇಲೆ, 1817ರಲ್ಲಿ. ಕೊಟ್ಟವನು ಯಾರು ಗೊತ್ತೇ? ವೇಲ್ಸ್‌ನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸುತ್ತಿದ್ದ ಲೂಯಿಸ್ ವೆಸ್ಟನ್ ಡಿಲ್ವಿನ್! ಹಗಲು ಪಿಂಗಾಣಿ, ಬಿಡುವಿನಲ್ಲಿ ಚಿಪ್ಪು.

ಸರಿ, 1817 ಆದರೂ ಆಗಲಿ, ಮಲಬಾರ್ ಉಳಿಯಿತಲ್ಲ ಅನ್ನುತ್ತೀರಾ? ತಾಳಿ!

ಜರ್ಮನಿಯ ಗಟಿಂಗನ್‌ನಲ್ಲಿ ಜೊಹಾನ್ ಫ್ರೀಡ್ರಿಕ್ ಗ್ಮೆಲಿನ್ ಎಂಬ ಪ್ರೊಫೆಸರ್ ಇದ್ದ. ಲಿನಿಯಸ್‌ನ ಪುಸ್ತಕದ 13ನೆಯ ಆವೃತ್ತಿಯನ್ನು ಹೊರತಂದವನು. ಬೇರೆಯವರ ಗ್ರಂಥಗಳಲ್ಲಿದ್ದುದನ್ನೆಲ್ಲ ತೆಗೆದು ಅಚ್ಚುಕಟ್ಟಾಗಿ ಎರಡೆರಡು ಪದದಲ್ಲಿ ಹೆಸರಿಟ್ಟ. 1791ರಲ್ಲಿ ಒಂದು ಚಿಪ್ಪಿಗೆ ಅವನು ವೀನಸ್ ಗ್ಯಾಲಸ್ ಎಂದು ಬರೆದ. ಮಲಬಾರಿಕಾ ಬೇರೆ, ಗ್ಯಾಲಸ್ ಬೇರೆ ಎಂದೇ ಬಹುಕಾಲ ಎಲ್ಲರೂ ನಡೆದುಕೊಂಡರು.

ಎರಡೂ ಒಂದೇ ಪ್ರಾಣಿ! ಇಪ್ಪತ್ತಾರು ವರ್ಷ ಹಿರಿದಾದ ಗ್ಯಾಲಸ್ ಗೆದ್ದಿತು! ಗ್ಯಾಲಸ್ ಅಂದರೇನು? ಲ್ಯಾಟಿನ್ನಿನಲ್ಲಿ ಹುಂಜ! ಕುಲವೂ ಬದಲಾಯಿತು, ಪಾಫಿಯಾ ಹೋಗಿ ಪ್ರೊಟೇಪಿಸ್ ಬಂತು. ಅಘನಾಶಿನಿಯ ಬಳಚು ಇವತ್ತು ಪ್ರೊಟೇಪಿಸ್ ಗ್ಯಾಲಸ್ (ಗ್ಮೆಲಿನ್, 1791).

ಆ ಕಂಸವನ್ನು ಹಾಗೇ ದಾಟಿ ಹೋಗಬೇಡಿ! ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಹೆಸರಿಟ್ಟವನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದ, ಆಮೇಲೆ ಪ್ರಾಣಿ ಕುಲ ಬದಲಿಸಿತು ಎಂದು ಆ ಎರಡು ಗೆರೆಗಳು ಹೇಳುತ್ತವೆ. ವೀನಸ್‌ನಲ್ಲಿದ್ದದ್ದು ಪ್ರೊಟೇಪಿಸ್‌ಗೆ ಬಂತಲ್ಲ, ಅದಕ್ಕೇ ಕಂಸ. ಎರಡು ಸಣ್ಣ ಗೆರೆ, ಅದರೊಳಗೆ ಇಡೀ ವಲಸೆಯ ಚರಿತ್ರೆ!

ಇನ್ನೂ ಒಂದು ಸ್ವಾರಸ್ಯ ಕೇಳಿ. ಅದೇ ಅಳಿವೆಯಲ್ಲಿ ಬಳಚಿನ ಇನ್ನೊಂದು ಬಗೆ ಇದೆ, ಮೆರೆಟ್ರಿಕ್ಸ್ ಕಾಸ್ಟಾ. ಅದರ ಮುಂದೆಯೂ ಕೆಮ್ನಿಟ್ಸ್ 1782 ಎಂದೇ ಬರೆಯುತ್ತಿದ್ದರು. ಆ ವರ್ಷವೂ ಬಿದ್ದುಹೋಯಿತು. ಆದರೆ ಹೆಸರು? ಉಳಿಯಿತು! ಗ್ಮೆಲಿನ್ 1791ರಲ್ಲಿ ಅದೇ ಕಾಸ್ಟಾ ಪದವನ್ನೇ ಬಳಸಿದ್ದ! ಒಂದೇ ಕೆಸರು, ಒಂದೇ ಬುಟ್ಟಿ. ಒಂದು ಹೆಸರು ಬದುಕಿತು, ಇನ್ನೊಂದು ಮುಳುಗಿತು.

ಎರಡೂ ಸೇರಿರುವುದು ವೆನರಿಡೇ ಕುಟುಂಬಕ್ಕೆ. 500ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಮನೆತನ ಅದು. ಬಿಡಿ, ಮದ್ರಾಸಿಗೆ ಹೋಗೋಣ!

1916. ಹ್ಯೂ ಬರ್ಥನ್ ಪ್ರೆಸ್ಟನ್ ಎಂಬ ಚಿಪ್ಪು ಪಂಡಿತ ಕೊಚ್ಚಿ ಮತ್ತು ಎಣ್ಣೂರು ಹಿನ್ನೀರುಗಳ ಚಿಪ್ಪುಗಳ ಬಗ್ಗೆ ಬರೆದ. ಎಣ್ಣೂರು ಮದ್ರಾಸಿನ ಮಗ್ಗುಲಿಗೇ ಇದೆ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಆ ಮ್ಯೂಸಿಯಂನ ಪ್ರಾಣಿವಿಭಾಗದಿಂದಲೇ ಭಾರತೀಯ ಪ್ರಾಣಿ ಸರ್ವೇಕ್ಷಣೆ ಹುಟ್ಟಿತು! ಪ್ರೆಸ್ಟನ್ ಹಿನ್ನೀರಿನ ಆಯ್ಸ್ಟರ್‌ಗೆ ಮದ್ರಾಸೆನ್ಸಿಸ್ ಎಂದು ಹೆಸರಿಟ್ಟ.

ಅದೇ ನಮ್ಮ ಕಲ್ವ! ಕಾಳಿ ನದಿಯ ಅಳಿವೆಯಲ್ಲಿ, ಅಘನಾಶಿನಿಯಲ್ಲಿ, ಮೂಲ್ಕಿಯಲ್ಲಿ ಕಲ್ಲಿಗೆ ಕಚ್ಚಿಕೊಂಡು ಬೆಳೆಯುವ ಕಲ್ವ. ಕ್ರಾಸ್ಸೊಸ್ಟ್ರಿಯಾ ಮದ್ರಾಸೆನ್ಸಿಸ್. ಕೃಷಿ ಮಾಡಿದರು, ಪುಸ್ತಕ ಬರೆದರು, ಸಂಶೋಧನಾ ಪ್ರಬಂಧಗಳು ಬಂದವು. ಎಲ್ಲ ಮದ್ರಾಸಿನ ಹೆಸರಲ್ಲೇ.

ಅತ್ತ ಫಿಲಿಪ್ಪೀನ್ಸಿನಲ್ಲಿ 1932ರಲ್ಲಿ ಫೌಸ್ಟಿನೊ ಎಂಬ ವಿಜ್ಞಾನಿ ಅಲ್ಲಿಯ ಆಯ್ಸ್ಟರ್‌ಗೆ ಐರ್‌ಡೇಲಿ ಎಂದು ಹೆಸರಿಟ್ಟ. ಅವರೂ ಕೃಷಿ ಮಾಡಿದರು. ಅವರೂ ಬರೆದರು.

ಆಮೇಲೆ ಡಿ.ಎನ್.ಎ. ಬಂತು!

ಮದ್ರಾಸಿನದು, ಮನಿಲಾದ್ದು, ಎರಡೂ ಒಂದೇ! ಕಡಲಾಚೆ ಈಚೆ ಕೂತು ಎರಡು ದೇಶದವರು ಒಂದೇ ಪ್ರಾಣಿಯನ್ನು ಎರಡೆಂದು ಸಾಕುತ್ತಿದ್ದರು! ಯಾಕೆ ಹೀಗಾಯಿತು? ಆಯ್ಸ್ಟರ್‌ಗೆ ತನ್ನದೇ ಆಕಾರ ಅಂತ ಇಲ್ಲ. ಬಂಡೆಗೆ ಅಂಟಿದರೆ ಚಪ್ಪಟೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಅಂಟಿದರೆ ಬೇರಿನ ವಕ್ರಕ್ಕೆ ವಕ್ರ. ಇಕ್ಕಟ್ಟಿನಲ್ಲಿ ಬೆಳೆದರೆ ಉದ್ದ. ಚಿಪ್ಪು ನೋಡಿ ಗುರುತು ಹಿಡಿಯುವುದು ಎಷ್ಟು ಕಷ್ಟ ನೀವೇ ಹೇಳಿ!

ಸರಿ, 1916 ಹಿರಿದು, 1932 ಕಿರಿದು. ಮದ್ರಾಸ್ ಗೆಲ್ಲಬೇಕಲ್ಲ?

ಗೆಲ್ಲಲಿಲ್ಲ! ಇವೆರಡಕ್ಕಿಂತ ಹಿರಿಯ ಹೆಸರೊಂದು ಒಂದು ಹಳೇ ಕಡತದಲ್ಲಿ ಕೂತಿತ್ತು. ಎಂಥ ಕಡತ? ಇದನ್ನಂತೂ ನೀವು ಊಹಿಸಲಾರಿರಿ, ಪಂದ್ಯ ಕಟ್ಟುತ್ತೇನೆ!

ಹರಾಜಿನ ಪಟ್ಟಿ!

ಹ್ಯಾಂಬರ್ಗಿನಲ್ಲಿ ಬೋಲ್ಟನ್ ಎಂಬ ವೈದ್ಯ ಇದ್ದ. ಮನೆ ತುಂಬ ಚಿಪ್ಪು ಕೂಡಿಟ್ಟಿದ್ದ. 1796ರಲ್ಲಿ ತೀರಿಕೊಂಡ. ಸಂಗ್ರಹವನ್ನು ಮಾರಬೇಕು. ಪೀಟರ್ ಫ್ರೀಡ್ರಿಕ್ ರೋಡಿಂಗ್ ಎಂಬವನು ಮಾರಾಟದ ಪಟ್ಟಿ ತಯಾರಿಸಿ 1798ರಲ್ಲಿ ಅಚ್ಚು ಹಾಕಿಸಿದ. ಪ್ರತಿ ಚಿಪ್ಪಿಗೂ ಎರಡು ಪದದ ಹೆಸರು! ಚಿಪ್ಪು ಮಾರಾಟವಾಯಿತು, ಪಟ್ಟಿಯನ್ನು ನೂರು ವರ್ಷದಷ್ಟು ಕಾಲ ಹೆಚ್ಚೂಕಡಿಮೆ ಎಲ್ಲರೂ ಮರೆತರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯಾರೋ ಧೂಳು ಕೊಡವಿದರು. ಎದೆ ಧಸಕ್ಕೆಂದಿರಬೇಕು! ನಿಯಮದ ಪ್ರಕಾರ ಆ ಹೆಸರುಗಳಲ್ಲಿ ಎಷ್ಟೋ ಊರ್ಜಿತ!

ಆ ಪಟ್ಟಿಯಲ್ಲಿ ಬೈಲಿನಿಯೇಟಾ ಎಂಬ ಆಯ್ಸ್ಟರ್ ಇತ್ತು. ಪ್ರೆಸ್ಟನ್‌ಗಿಂತ 118 ವರ್ಷ ಹಿರಿದು! ಮದ್ರಾಸ್ ಹೋಯಿತು. ಫಿಲಿಪ್ಪೀನ್ಸಿನ ಹೆಸರೂ ಹೋಯಿತು.

ಮುಗಿಯಿತೇ? ಇಲ್ಲ! 2016ರಲ್ಲಿ ಇಟಲಿಯ ಇಬ್ಬರು ಸಂಶೋಧಕರು, ಸಾಲ್ವಿ ಮತ್ತು ಮಾರಿಯೊಟ್ಟಿನಿ, ಏಷ್ಯಾ ಪೆಸಿಫಿಕ್ ಕಡೆಯ ಆಯ್ಸ್ಟರ್‌ಗಳಿಗೆ ಮಗಲ್ಲಾನಾ ಎಂಬ ಹೊಸ ಕುಲವನ್ನೇ ಕಟ್ಟಿದರು. ನಮ್ಮ ಕಲ್ವ ಮಗಲ್ಲಾನಾ ಬೈಲಿನಿಯೇಟಾ ಆಯಿತು. ಜಗತ್ತಿನ ಎಷ್ಟೋ ಆಯ್ಸ್ಟರ್ ವಿಜ್ಞಾನಿಗಳು ಇದನ್ನು ಒಪ್ಪದೆ ಮರುವರ್ಷವೇ ಬರೆದು ವಿರೋಧಿಸಿದರು. ಜಗಳ ಇನ್ನೂ ಆರಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಭೇದದ ಹೆಸರು ಬದಲಾದದ್ದು ಸರಿ. ಅದಕ್ಕೆ ಗಟ್ಟಿ ಸಾಕ್ಷಿ ಇದೆ. ಕುಲದ ವಿಷಯದಲ್ಲಿ ಇನ್ನಷ್ಟು ವಾದ ನಡೆಯಲಿ!

ಇನ್ನು ಮೂರನೆಯದು. ಎಲ್ಲಕ್ಕಿಂತ ರೋಚಕವಾದದ್ದು ಇದೇ!

ನಮ್ಮ ಕರಾವಳಿಯ ನೀಲಿಕಲ್ಲು ಹಸಿರು ಬಣ್ಣದ್ದು, ಪೆರ್ನಾ ವಿರಿಡಿಸ್. ಕೇರಳದ ತೆಂಕಣ ತುದಿ, ಕನ್ಯಾಕುಮಾರಿ ಕಡೆ ಹೋದರೆ ಬಂಡೆಗಳ ಮೇಲೆ ಕಂದು ಬಣ್ಣದ್ದು ಸಿಗುತ್ತದೆ. 1976ರಲ್ಲಿ ಕುರಿಯಾಕೋಸ್ ಮತ್ತು ನಾಯರ್ ಅದನ್ನು ಹೊಸ ಪ್ರಭೇದವೆಂದು ಸಾರಿದರು. ಹೆಸರು ಪೆರ್ನಾ ಇಂಡಿಕಾ. ಭಾರತದ ಪೆರ್ನಾ! ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ನಮ್ಮದೇ ನೆಲದ, ನಮ್ಮದೇ ನೀರಿನ ಪ್ರಾಣಿ!

ನಲವತ್ತು ವರ್ಷ ಹಾಗೇ ನಂಬಿದೆವು.

2016ರಲ್ಲಿ ಗಾರ್ಡ್ನರ್ ಮತ್ತು ಸಂಗಡಿಗರು ಚಿಪ್ಪಿನ ಆಕಾರ, ಡಿ.ಎನ್.ಎ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. ಏನು ಸಿಕ್ಕಿತು? ಊಹಿಸಿ! ಊಹಿಸಿ!

ಅದು ಪೆರ್ನಾ ಪೆರ್ನಾ! ಆಫ್ರಿಕಾದ ಕರಾವಳಿಯಲ್ಲಿ, ದಕ್ಷಿಣ ಅಮೆರಿಕದಲ್ಲಿ ಬೆಳೆಯುವ, ಲಿನಿಯಸ್ 1758ರಲ್ಲೇ ಹೆಸರಿಟ್ಟ ಪ್ರಾಣಿ! ಭಾರತದಲ್ಲಿರುವುದಕ್ಕೆ ತೀರ ಹತ್ತಿರದ ಬಂಧುಗಳು ಎಲ್ಲಿದ್ದಾರೆ? ಒಮಾನಿನಲ್ಲಿ! ನೂರು ವರ್ಷಕ್ಕೂ ಹಿಂದೆ ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ವಲಸಿಗ!

ಭಾರತದ್ದೇ ಹೆಸರು ಹೊತ್ತದ್ದು ಭಾರತದ್ದಲ್ಲ! ಎಂಥ ತಿರುವು! ಇಲ್ಲಿ ಹೆಸರು ಬದಲಾದದ್ದರಿಂದ ಒಂದು ಚರಿತ್ರೆಯೇ ಬೆಳಕಿಗೆ ಬಂತು. ಇಷ್ಟು ದಿನ ಮನೆಮಗ ಎಂದುಕೊಂಡದ್ದರ ಕುಟುಂಬ ಕಡಲಾಚೆ ಇದೆ ಎಂದು ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆಗಳೂ ಬದಲಾದವು. ಎಲ್ಲಿವರೆಗೆ ಹಬ್ಬಿತು? ಯಾರ ಜಾಗ ಹಿಡಿಯಿತು? ಸ್ಥಳೀಯ ಪ್ರಾಣಿಯನ್ನು ಕಾಪಾಡುವ ಲೆಕ್ಕವೇ ಬೇರೆ, ಹೊರಗಿನಿಂದ ಬಂದದ್ದರ ಲೆಕ್ಕವೇ ಬೇರೆ. ವರ್ಗೀಕರಣ ಒಣ ವಿಷಯ ಅನ್ನುವವರು ಇದನ್ನೊಮ್ಮೆ ಕೇಳಬೇಕು!

ಮಲಬಾರ್, ಮದ್ರಾಸ್, ಇಂಡಿಯಾ. ಮೂರೂ ಹೋದವು. ಹಾಗಾದರೆ ನಿಜವಾಗಿ ನಮ್ಮದು ಅನ್ನುವ ಚಿಪ್ಪು ಇಲ್ಲವೇ ಇಲ್ಲವೇ?

ಕೊನೆಯ ಬಾರಿ ಊಹಿಸಿ. ಅದರ ಹೆಸರಿನಲ್ಲಿ ಊರಿಲ್ಲ, ದೇಶವಿಲ್ಲ, ನದಿಯೂ ಇಲ್ಲ.

ವಿಲ್ಲೊರಿಟಾ ಸೈಪ್ರಿನಾಯ್ಡಿಸ್! ಕರಿ ಬಣ್ಣದ, ದಪ್ಪ ಚಿಪ್ಪಿನ ಪ್ರಾಣಿ. 1825ರಲ್ಲಿ ಇಂಗ್ಲೆಂಡಿನ ಜಾನ್ ಎಡ್ವರ್ಡ್ ಗ್ರೇ ಹೆಸರಿಟ್ಟ. ಸಿರೆನಾ ಎಂಬ ಬೇರೆ ಕುಲದಲ್ಲಿಟ್ಟ. ಆಮೇಲೆ ಅದಕ್ಕೆ ವಿಲ್ಲೊರಿಟಾ ಎಂಬ ಪ್ರತ್ಯೇಕ ಕುಲವೇ ಬೇಕಾಯಿತು. ಆದ್ದರಿಂದ ಗ್ರೇ ಕೂತಿರುವುದು ಕಂಸದೊಳಗೆ!

ಇದು ಬದುಕುವುದು ಉಪ್ಪು ಮತ್ತು ಸಿಹಿ ಕಲೆಯುವ ಕಡೆ. ಅಳಿವೆಯ ಒಳಗಿನ ಸಪ್ಪೆ ನೀರಿನ ಭಾಗದಲ್ಲಿ. ಗೋವಾ, ಕರ್ನಾಟಕ, ಕೇರಳ. ಭಾರತದ ನೈರುತ್ಯ ಕರಾವಳಿಯ ಅಳಿವೆ ಹಿನ್ನೀರುಗಳೇ ಇದರ ತವರು! ಕೇರಳದ ವೆಂಬನಾಡಿನ ತಳದಲ್ಲಿ ಇದರ ಹಳೇ ಚಿಪ್ಪುಗಳು ಎಷ್ಟು ದಪ್ಪಗೆ ಕೂತಿದ್ದವು ಅಂದರೆ ಬಗೆದು ತೆಗೆದು ಸಿಮೆಂಟ್ ಮಾಡಿದರು!

ಹೆಸರಿನಲ್ಲಿ ಭಾರತ ಇದ್ದದ್ದು ಹೊರಗಿನದಾಯಿತು. ಹೆಸರಿನಲ್ಲಿ ಭಾರತ ಇಲ್ಲದ್ದೇ ಅಪ್ಪಟ ನಮ್ಮದು!

ಈ ವಿಲ್ಲೊರಿಟಾ ಅಘನಾಶಿನಿಯಲ್ಲೂ ಇದೆ. 2024ರ ಜನವರಿಯಲ್ಲಿ ಆ ಅಳಿವೆಗೆ, ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆಯೂ ಸಿಕ್ಕಿತು. ನಮ್ಮ ಕರಿಕಲ್ಲಿನ ನಾಡಿನಿಂದ ಗೋಕರ್ಣಕ್ಕೆ ಹೋಗುವವರು ಎಷ್ಟೊಂದು ಜನ! ಮಹಾಬಲೇಶ್ವರನ ದರ್ಶನ ಮಾಡಿ ಅಲ್ಲಿಂದಲೇ ತಿರುಗಿ ಬಂದುಬಿಡಬೇಡಿ. ತದಡಿ ಅಲ್ಲಿಗೆ ಹತ್ತಿರ. ಇಳಿತದ ಹೊತ್ತಿಗೆ ದಂಡೆಗೆ ಹೋಗಿ. ಚಿಪ್ಪು ತೆಗೆಯುವ ಅಕ್ಕನನ್ನೋ ಅಣ್ಣನನ್ನೋ ಮಾತಾಡಿಸಿ, ಅವರು ಯಾವುದನ್ನು ಏನೆಂದು ಕರೆಯುತ್ತಾರೆ ಕೇಳಿ, ಕರಿ ಚಿಪ್ಪು ಯಾವುದು ತೋರಿಸಿ ಎನ್ನಿ. ನಿಮ್ಮ ಮಕ್ಕಳಿದ್ದರೆ ಅವರ ಕೈಗೆ ಕೊಟ್ಟು ಕೀಲು ನೋಡಿಸಿ, ಒಳಗಿನ ಸ್ನಾಯುವಿನ ಗುರುತು ನೋಡಿಸಿ, ಆ ಚಿಪ್ಪಿನ ಎರಡು ಪದದ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಕಂಸ ಹಾಕುವುದನ್ನು ಮರೆಯಬೇಡಿ!